ಸೊರಗಿದ ಸಸಿಗೆ ಹಸಿವಾಗಿಲ್ಲ

ಮಣ್ಣಿಲ್ಲದೆ ನೀರಿನಲ್ಲೇ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ಕಿಟ್ ಮಾರುವವರ ಮೇಲೆ ನನಗೊಂದು ತಕರಾರಿದೆ. ಬಕೆಟ್ ಕೊಡುತ್ತಾರೆ, ನೆಟ್ ಪಾಟ್ ಅನ್ನುವ ಜಾಲರಿ ಕುಂಡ ಕೊಡುತ್ತಾರೆ, ಸ್ಪಾಂಜ್ ಕೊಡುತ್ತಾರೆ, ಎ ಮತ್ತು ಬಿ ಅಂತ ಎರಡು ಬಾಟಲಿ ಪೋಷಕಾಂಶ ಕೊಡುತ್ತಾರೆ. ನಿಮ್ಮ ಮನೆ ನೀರು ಎಂಥದ್ದು ಅಂತ ಮಾತ್ರ ಕೇಳುವುದಿಲ್ಲ. ಜೊತೆಗೆ ಬರುವ ಕಾರ್ಡ್‌ನಲ್ಲಿ ಬರೆದಿರುವುದೂ ಹೆಚ್ಚಾಗಿ ಬಾಟಲಿ ಬಗ್ಗೆಯೇ. ಹಾಗಾಗಿ ಸಸಿ ಸ್ವಲ್ಪ ಮಂಕಾದರೂ ಹೊಸಬರ ಕೈ ಬಾಟಲಿಗೇ ಹೋಗುತ್ತದೆ. ಎಲೆ ಹಳದಿಯಾಯಿತಾ, ಇನ್ನೆರಡು ಎಂಎಲ್. ಬೆಳೆಯುತ್ತಿಲ್ಲವಾ, ಇನ್ನೈದು ಎಂಎಲ್.

ನೇರವಾಗಿ ಹೇಳಿಬಿಡುತ್ತೇನೆ. ಮೊಳಕೆಯೊಡೆದು ಎರಡು ವಾರವೂ ಆಗದ ಸಸಿ ಊಟ ಸಾಲದೆ ಸೊರಗುವುದು ಅಪರೂಪ. ನೀರು ಸರಿ ಇರುವುದಿಲ್ಲ, ಇಲ್ಲವೇ ಬೆಳಕು ಸಾಲದು, ಇಲ್ಲವೇ ಬೇರಿಗೆ ಗಾಳಿ ಸಿಗುತ್ತಿಲ್ಲ. ಈ ಮೂರನ್ನೂ ನೋಡುವ ತನಕ ಬಾಟಲಿಯ ಮುಚ್ಚಳ ತೆಗೆಯಬೇಡಿ.

ಬೀಜ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿರುತ್ತದೆ. ಮೊದಲು ಬಿಚ್ಚಿಕೊಳ್ಳುವ ಎರಡು ದುಂಡನೆಯ ಎಲೆಗಳಿವೆಯಲ್ಲ, ಅವು ಬೀಜದೆಲೆಗಳು. ಅಲ್ಲಿಯವರೆಗೆ ಬರೀ ನೀರು ಸಾಕು. ಆಮೇಲೆ ಬರುವುದು ಆ ಗಿಡದ ನಿಜವಾದ ಎಲೆ. ಅದು ಕಂಡ ಮೇಲೆ ಪೋಷಕಾಂಶ ಶುರು ಮಾಡಬಹುದು, ಅದೂ ತೆಳುವಾಗಿ. ಇಸಿ, ಅಂದರೆ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವ ಲೆಕ್ಕದಲ್ಲಿ 0.6ರಿಂದ 0.8 ಇದ್ದರೆ ಎಳೆ ಸೊಪ್ಪಿನ ಸಸಿಗೆ ಧಾರಾಳ. ನಮ್ಮಲ್ಲಿ ಹೆಚ್ಚಿನವರ ಬಳಿ ಇರುವ, ನೀರಿನಲ್ಲಿ ಕರಗಿದ ಉಪ್ಪು ತೋರಿಸುವ ಟಿಡಿಎಸ್ ಪೆನ್‌ನಲ್ಲಿ ಇದು ಸುಮಾರು 300ರಿಂದ 400. ಕಾರ್ಡ್‌ನಲ್ಲಿ ಬರೆದಿರುವ 800, 900 ಎಲ್ಲ ದೊಡ್ಡ ಗಿಡದ ಲೆಕ್ಕ.

ಈಗ ನೀರಿಗೆ ಬರೋಣ. ಬೆಂಗಳೂರಿನಲ್ಲಿ ಅರ್ಧ ಜಗಳ ಇರುವುದೇ ಇಲ್ಲಿ.

ನನ್ನ ಚಿಕ್ಕಮ್ಮನ ಮಗಳು ಸರ್ಜಾಪುರ ರಸ್ತೆ ಕಡೆ ಒಂದು ಅಪಾರ್ಟ್‌ಮೆಂಟ್‌ನಲ್ಲಿದ್ದಾಳೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರು ನೆಲದಡಿಯ ಸಂಪ್‌ಗೆ ಬಿದ್ದು, ಅಲ್ಲಿಂದ ಗಡಸು ನೀರನ್ನು ಮೆದು ಮಾಡುವ ಸಾಫ್ಟನರ್ ಹಾದು ಮನೆಗೆ ಬರುತ್ತದೆ. ಲೆಟ್ಯೂಸ್ ಸಸಿಗಳ ಎಲೆ ಅಂಚು ಕಂದಾಗುತ್ತಿದೆ ಅಂತ ಫೋನ್ ಮಾಡಿದಳು.

"ಅಕ್ಕಾ, ಕಾರ್ಡಲ್ಲಿ ಬರೆದಿರೋದಕ್ಕಿಂತ ಒಂದು ಹನಿನೂ ಜಾಸ್ತಿ ಹಾಕಿಲ್ಲ ಕಣೇ."

"ಬರೀ ನೀರಿಗೆ ಪೆನ್ ಅದ್ದಿ ನೋಡಿದ್ಯಾ?"

"ಬರೀ ನೀರಿಗ್ಯಾಕೆ?"

ನೋಡಿದಾಗ 620 ತೋರಿಸಿತು. ಇನ್ನೂ ಒಂದು ಹನಿ ಪೋಷಕಾಂಶ ಬಿದ್ದಿಲ್ಲ, ಆಗಲೇ 620! ಅದರ ಮೇಲೆ ಎಂಎಲ್ ಲೆಕ್ಕದಲ್ಲಿ ಸುರಿದರೆ ಒಟ್ಟು 1400 ಹತ್ತಿರ ಹೋಗುತ್ತದೆ. ಎಳೆ ಬೇರು ಅದರಲ್ಲಿ ನೀರು ಹೀರಲು ಒದ್ದಾಡುತ್ತದೆ. ಅದರ ಬದಲು ಪೆನ್ ನೋಡಿಕೊಂಡು 800ಕ್ಕೆ ನಿಲ್ಲಿಸಿದಿರಿ ಅಂತಿಟ್ಟುಕೊಳ್ಳಿ. ಆಗ ಗಿಡಕ್ಕೆ ಸಿಕ್ಕಿದ ನಿಜವಾದ ಊಟ 180ರಷ್ಟು ಮಾತ್ರ. ಉಳಿದದ್ದು ಬೋರ್‌ವೆಲ್ ಉಪ್ಪು. ಪೆನ್ ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಆ ಉಪ್ಪು ಕ್ಯಾಲ್ಸಿಯಮ್ಮೋ ಸೋಡಿಯಮ್ಮೋ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಸಾಫ್ಟನರ್ ಕತೆ ಇನ್ನೂ ವಿಚಿತ್ರ. ನೀರು ಸಾಫ್ಟ್ ಆಗಿದೆ, ಗಿಡಕ್ಕೂ ಒಳ್ಳೆಯದು ಅಂತ ಎಷ್ಟೋ ಜನ ನಂಬಿದ್ದಾರೆ. ಸಾಫ್ಟನರ್ ಮಾಡುವುದು ಇಷ್ಟು: ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಅವುಗಳ ಜಾಗಕ್ಕೆ ಸೋಡಿಯಂ ಬಿಡುತ್ತದೆ. ಅದಕ್ಕೇ ಅಪಾರ್ಟ್‌ಮೆಂಟಿನವರು ಅದಕ್ಕೆ ಮೂಟೆಗಟ್ಟಲೆ ಉಪ್ಪು ಸುರಿಯುವುದು. ಗೀಸರ್‌ಗೂ ತಲೆಕೂದಲಿಗೂ ಇದು ಅನುಕೂಲ. ಸಸಿಗೆ ಮಾತ್ರ ಬೇಕಾದದ್ದು ಹೋಯಿತು, ಬೇಡವಾದದ್ದು ಬಂತು. ಟಿಡಿಎಸ್ ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಸಾಫ್ಟನರ್‌ಗೆ ಹೋಗುವ ಮೊದಲಿನ ನೀರು ಸಿಕ್ಕರೂ ಇದಕ್ಕಿಂತ ವಾಸಿ.

ಹಾಗಾದರೆ ಯಾವ ನೀರು? ಕಾವೇರಿ ನೀರು ಬರುವ ಮನೆಯವರು ಪುಣ್ಯವಂತರು. ಹಿಂದಿನ ರಾತ್ರಿ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಟ್ಟರೆ ಕ್ಲೋರಿನ್ ಬಹುಪಾಲು ಹೋಗಿರುತ್ತದೆ. ಮಳೆನೀರು ಸಿಕ್ಕರಂತೂ ಬಿಡಲೇಬೇಡಿ. ಮೊದಲ ಮಳೆಯಲ್ಲಿ ತಾರಸಿಯ ಧೂಳು ತೊಳೆದುಹೋಗಲಿ, ಆಮೇಲೆ ಹಿಡಿಯಿರಿ. ಕರಾವಳಿ, ಮಲೆನಾಡಿನ ಬಾವಿ ನೀರು ಸಾಮಾನ್ಯವಾಗಿ ಮೆದುವೇ, ಅಲ್ಲಿಯವರು ಈ ಭಾಗವನ್ನು ಓದಿ ನಗಬಹುದು. ಬೋರ್‌ವೆಲ್ ಒಂದೇ ಗತಿ ಅನ್ನುವವರು ಆರ್‌ಓ ನೀರು ಅರ್ಧ, ಬೋರ್ ನೀರು ಅರ್ಧ ಬೆರೆಸಿ ನೋಡಿ. ಪೂರ್ತಿ ಆರ್‌ಓ ನೀರೇ ಹಾಕಿದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಬಾಟಲಿಯಿಂದಲೇ ಬರಬೇಕು. ಅಗ್ಗದ ಬಾಟಲಿಗಳಲ್ಲಿ ಅವು ಸಾಕಷ್ಟು ಇರುವುದಿಲ್ಲ. ಇನ್ನು ಆರ್‌ಓ ಹೊರಗೆ ಬಿಡುವ ವೇಸ್ಟ್ ನೀರು. ಚೆಲ್ಲಲು ಮನಸ್ಸಾಗದೆ ಅದನ್ನು ಹೈಡ್ರೋಪೋನಿಕ್ಸ್ ಬಕೆಟ್‌ಗೆ ತುಂಬುವವರಿದ್ದಾರೆ. ನೆಲ ಒರೆಸಿ, ಬಚ್ಚಲು ತೊಳೆಯಿರಿ. ಅದರಲ್ಲಿರುವುದು ಉಪ್ಪಿನ ಸಾರ.

1938ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಅರ್ನಾನ್ ಅನ್ನುವವರು ನೀರಿನಲ್ಲಿ ಗಿಡ ಬೆಳೆಸುವ ಪೋಷಕ ದ್ರಾವಣದ ಸೂತ್ರ ಪ್ರಕಟಿಸಿದರು. ಇವತ್ತಿಗೂ ಪ್ರಯೋಗಾಲಯಗಳಲ್ಲಿ ಹೋಗ್ಲಂಡ್ ದ್ರಾವಣ ಅಂದರೆ ಅದೇ. ಇಂಥ ಸೂತ್ರಗಳೆಲ್ಲ ನೀರು ಶುದ್ಧವಾಗಿದೆ ಅಂದುಕೊಂಡೇ ಲೆಕ್ಕ ಹಾಕುತ್ತವೆ. ಸಾವಿರ ಅಡಿಯ ಬೋರ್‌ವೆಲ್ ಅವರ ಲೆಕ್ಕದಲ್ಲಿ ಇರಲಿಲ್ಲ.

ನೀರಿನ ಇನ್ನೊಂದು ಮುಖ ಪಿಎಚ್, ಅಂದರೆ ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನುವ ಅಳತೆ. 5.5ರಿಂದ 6.5 ಇರಬೇಕು. ನಮ್ಮ ಬೋರ್ ನೀರು ಎಷ್ಟೋ ಕಡೆ 7.5 ದಾಟಿರುತ್ತದೆ. ಹೆಚ್ಚಾದರೆ ಏನಾಗುತ್ತದೆ ಅಂತ ಎಲೆ ನೋಡಿಯೇ ಹೇಳಬಹುದು. ಹೊಸ ಎಲೆ ಹಳದಿ, ಅದರ ನರ ಮಾತ್ರ ಹಸಿರು, ಕೆಳಗಿನ ಹಳೆ ಎಲೆ ಆರೋಗ್ಯವಾಗಿದೆ. ಇದು ಕಬ್ಬಿಣದ ಕೊರತೆಯ ಗುರುತು. ಕಬ್ಬಿಣ ನೀರಿನಲ್ಲಿ ಇದ್ದೇ ಇದೆ, ಬೇರಿಗೆ ದಕ್ಕುತ್ತಿಲ್ಲ ಅಷ್ಟೆ. ಹೆಚ್ಚಿನ ಬಾಟಲಿಗಳಲ್ಲಿರುವುದು ಇಡಿಟಿಎ ಅನ್ನುವ, ಕಬ್ಬಿಣ ಗಸಿಯಾಗದಂತೆ ಹಿಡಿದಿಡುವ ರಾಸಾಯನಿಕದ ಜೊತೆ ಕಟ್ಟಿದ ಕಬ್ಬಿಣ. ಪಿಎಚ್ 6.5 ದಾಟುತ್ತಾ ಹೋದಂತೆ ಆ ಕಟ್ಟು ಸಡಿಲವಾಗುತ್ತದೆ. ಇನ್ನಷ್ಟು ಪೋಷಕಾಂಶ ಸುರಿದರೆ ಉಪ್ಪು ಏರುತ್ತದೆ, ಹಳದಿ ಹಾಗೇ ಇರುತ್ತದೆ. ಪಿಎಚ್ ಇಳಿಸಿ, ಮುಂದೆ ಬರುವ ಎಲೆ ಹಸಿರಾಗಿ ಬರುತ್ತದೆ. ಆಗಲೇ ಹಳದಿಯಾದ ಎಲೆ ಪೂರ್ತಿ ಸರಿಹೋಗದೆ ಇರಬಹುದು, ತಲೆ ಕೆಡಿಸಿಕೊಳ್ಳಬೇಡಿ. ಹಳದಿ ಕೆಳಗಿನ ಹಳೆ ಎಲೆಯಿಂದ ಶುರುವಾದರೆ ಮಾತ್ರ ಸಾರಜನಕದ ಬಗ್ಗೆ ಯೋಚಿಸಿ. ಅದು ನಿಜವಾದ ಹಸಿವು.

ಪಿಎಚ್ ಇಳಿಸಲು ನಿಂಬೆಹಣ್ಣು ಹಿಂಡುವವರಿಗೆ ಒಂದು ಮಾತು. ಇವತ್ತು ಇಳಿಯುತ್ತದೆ, ನಾಳೆ ನಾಡಿದ್ದರಲ್ಲಿ ಮತ್ತೆ ಏರುತ್ತದೆ. ಸಿಟ್ರಿಕ್ ಆಮ್ಲವನ್ನು ನೀರಿನಲ್ಲಿರುವ ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ. ಗಡಸು ನೀರಿನ ಬೈಕಾರ್ಬನೇಟ್ ಕೂಡ ಅದನ್ನು ಮೇಲಕ್ಕೆ ಎಳೆಯುತ್ತದೆ. ಪಿಎಚ್ ಡೌನ್ ಅಂತ ಮಾರುವ, ತೆಳು ಮಾಡಿದ ಫಾಸ್ಫಾರಿಕ್ ಆಮ್ಲ ಹೆಚ್ಚು ದಿನ ನಿಲ್ಲುತ್ತದೆ. ಹನಿ ಹನಿಯಾಗಿ ಹಾಕಿ, ಮಕ್ಕಳ ಕೈಗೆ ಸಿಗದಂತೆ ಇಡಿ.

ಬೆಳಕಿನ ಸಮಸ್ಯೆ ಕಂಡುಹಿಡಿಯಲು ಯಾವ ಮೀಟರೂ ಬೇಡ. ಸಸಿ ನೂಲಿನ ಹಾಗೆ ಉದ್ದಕ್ಕೆ ಎದ್ದು ಕಿಟಕಿ ಕಡೆ ವಾಲಿ ಬಿದ್ದುಬಿಡುತ್ತದೆ. ನಮ್ಮ ಕಣ್ಣಿಗೆ ರೂಮು ಬೆಳ್ಳಗೆ ಕಾಣುತ್ತದೆ, ಆದರೆ ಗ್ರಿಲ್, ಸೊಳ್ಳೆ ಪರದೆ, ಗಾಜು ದಾಟಿ ಬರುವ ಬೆಳಕು ಸಸಿಗೆ ಸಂಜೆಯಿದ್ದಂತೆ. ಅದಕ್ಕೆ ನೇರಳೆ ಬಣ್ಣದ ದುಬಾರಿ ಗ್ರೋ ಲೈಟ್ ಕೊಳ್ಳಲೇಬೇಕು ಅಂತಿಲ್ಲ. 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಲೈಟನ್ನು ಸಸಿಯ ತಲೆಯಿಂದ ಒಂದು ಗೇಣು ಮೇಲೆ ಕಟ್ಟಿ, ದಿನಕ್ಕೆ 14ರಿಂದ 16 ಗಂಟೆ ಉರಿಸಿ. ಟ್ಯೂಬ್ ಸೂರಿನಲ್ಲಿದ್ದರೆ ಪ್ರಯೋಜನವಿಲ್ಲ, ದೂರ ಹೋದಷ್ಟೂ ಬೆಳಕು ಸೋರಿಹೋಗುತ್ತದೆ. ಮೊಳಕೆ ಕಂಡ ದಿನವೇ ಬೆಳಕಿಗೆ ತರಬೇಕು. "ಇನ್ನೂ ಎಳೇದು, ನೆರಳಲ್ಲಿರಲಿ" ಅಂತ ಎರಡು ದಿನ ಕತ್ತಲಲ್ಲಿಟ್ಟರೆ ಮುಗಿಯಿತು.

ಇನ್ನು ಬೇರು. ಗಿಡ ಎತ್ತಿ ಬೇರು ನೋಡಲು ಜನ ಯಾಕೆ ಹೆದರುತ್ತಾರೋ! ಮಣ್ಣಿನಲ್ಲಿ ನೋಡಲಾಗುವುದಿಲ್ಲ, ನೀರಿನಲ್ಲಿ ಬೆಳೆಸುವ ದೊಡ್ಡ ಲಾಭವೇ ಅದು. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ. ಕಂದು ಬಣ್ಣ ಕಂಡ ಮಾತ್ರಕ್ಕೆ ಗಾಬರಿಯಾಗಬೇಡಿ, ಕೆಲವು ದ್ರಾವಣಗಳ ಕಲೆ ಹಾಗೇ ಹಿಡಿಯುತ್ತದೆ. ಮುಟ್ಟಿ ನೋಡಿ, ಮೂಸಿ ನೋಡಿ. ಲೋಳೆಲೋಳೆಯಾಗಿದ್ದು, ಎಳೆದರೆ ಸಿಪ್ಪೆ ಕಳಚಿ ಬಂದು ಕೆಟ್ಟ ವಾಸನೆ ಬಂದರೆ ಅದು ಕೊಳೆ.

ಏರ್ ಪಂಪ್ ಇಲ್ಲದ ಬಕೆಟ್‌ನಲ್ಲಿ ಬೆಳೆಯುವವರಿಗೆ ಇದು ಮುಖ್ಯ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ಹೆಸರಿನಿಂದಲೇ ಈ ವಿಧಾನ ಪ್ರಸಿದ್ಧ. ಶುರುವಿನಲ್ಲಿ ನೀರು ನೆಟ್ ಪಾಟ್‌ನ ತಳ ಮುಟ್ಟುತ್ತಿರಬೇಕು. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಬೇರು ಅದನ್ನು ಹಿಂಬಾಲಿಸುತ್ತದೆ. ಮೇಲೆ ಉಳಿದ ಖಾಲಿ ಜಾಗದ ಬೇರುಗಳು ಗಾಳಿ ಹೀರಲು ಹೊಂದಿಕೊಳ್ಳುತ್ತವೆ. ಅಷ್ಟರಲ್ಲಿ ನಮ್ಮ ಹೊಸಬರು "ಅಯ್ಯೋ, ನೀರು ಕಮ್ಮಿಯಾಗಿದೆ" ಅಂತ ಕಂಠಮಟ್ಟ ತುಂಬಿಸುತ್ತಾರೆ. ಗಾಳಿಗೆ ಒಗ್ಗಿದ ಬೇರೆಲ್ಲ ಮುಳುಗಿ, ಮರುದಿನ ಗಿಡ ಬಾಡಿ ನಿಂತಿರುತ್ತದೆ. ನೀರಿನಲ್ಲೇ ಇದ್ದೂ ಬಾಡಿದೆ! ಅದನ್ನು ನೋಡಿ ಮತ್ತೆ ಬಾಟಲಿ. ನೀರು ಸೇರಿಸಲೇಬೇಕಾದರೆ ಸ್ವಲ್ಪವೇ ಸೇರಿಸಿ, ಮೇಲೆ ಒಂದೆರಡು ಇಂಚು ಗಾಳಿ ಇರಲಿ.

ಬುಡದಲ್ಲಿ ನೂಲು ಕಟ್ಟಿದಂತೆ ತೆಳುವಾಗಿ ಸಸಿ ಮಗುಚಿದರೆ ಅದು ಸಸಿ ಕೊಳೆ. ಸ್ಪಾಂಜೋ ಕೋಕೋಪೀಟೋ ಸದಾ ತೊಪ್ಪೆಯಾಗಿರುವುದೇ ಮುಖ್ಯ ಕಾರಣ. ಹಿಂಡಿದರೆ ನೀರು ಸುರಿಯಬಾರದು, ಒದ್ದೆ ಇದ್ದರೆ ಸಾಕು. ಕೋಕೋಪೀಟ್ ಬಳಸುವವರು ಎರಡು ಮೂರು ಸಲ ಒಳ್ಳೆಯ ನೀರಿನಲ್ಲಿ ತೊಳೆದು, ಕೊನೆಯಲ್ಲಿ ಇಳಿಯುವ ನೀರಿಗೆ ಪೆನ್ ಅದ್ದಿ. ತಿಪಟೂರಿಂದ ಬಂದರೂ ಅಷ್ಟೆ, ಪೊಳ್ಳಾಚಿಯಿಂದ ಬಂದರೂ ಅಷ್ಟೆ, ತೆಂಗಿನ ನಾರಿನಲ್ಲಿ ಉಪ್ಪು ಇದ್ದೇ ಇರುತ್ತದೆ.

ಸೆಕೆಯ ವಿಷಯವೂ ಬೇರಿನದ್ದೇ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತದೆ, 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಬಿಸಿಗೆ ಬೇರಿನ ಉಸಿರಾಟ ಹೆಚ್ಚಾಗುತ್ತದೆ, ಕೊಳೆ ರೋಗದ ಪಿಥಿಯಂಗೂ ಹಬ್ಬ. ಮಾರ್ಚ್ ಬಿಸಿಲಲ್ಲಿ ತಾರಸಿ ಮೇಲೆ ಕಪ್ಪು ಬಕೆಟ್ ಇಟ್ಟು ಲೆಟ್ಯೂಸ್ ಏಳಲಿಲ್ಲ ಅಂದರೆ ತಪ್ಪು ಲೆಟ್ಯೂಸಿನದ್ದಲ್ಲ. ಅದರ ಬೀಜ 30 ಡಿಗ್ರಿ ಹತ್ತಿರ ಬಂದರೆ ಮೊಳೆಯಲು ಹಿಂಜರಿಯುತ್ತದೆ. ಬಕೆಟ್ ಬದಲು ಮೀನಿನ ಅಂಗಡಿಯ ಥರ್ಮೋಕೋಲ್ ಡಬ್ಬ ಒಳ್ಳೆಯದು, ಹೊರಗಿನ ಬಿಸಿ ಬೇಗ ಒಳಗೆ ಹೋಗುವುದಿಲ್ಲ. ಒಳಗೆ ಕಪ್ಪು ಪ್ಲಾಸ್ಟಿಕ್ ಹಾಸಿದರೆ ಬೆಳಕು ಹೋಗದೆ ಪಾಚಿಯೂ ಕಟ್ಟುವುದಿಲ್ಲ.

ಇಷ್ಟೆಲ್ಲ ಸರಿ ಮಾಡಿದ ಮೇಲೆ ಊಟದ ಮಾತು. ಗೊಬ್ಬರದ ಅಂಗಡಿಯ 19:19:19 ಹಾಕಬಹುದಾ ಅಂತ ಕೇಳುವವರು ಬಹಳ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಸಾರಜನಕದ ಅರ್ಧಕ್ಕಿಂತ ಹೆಚ್ಚು ಯೂರಿಯಾ ರೂಪದಲ್ಲಿದೆ. ಮಣ್ಣಿನಲ್ಲಾದರೆ ಸೂಕ್ಷ್ಮಜೀವಿಗಳು ಯೂರಿಯಾವನ್ನು ಗಿಡಕ್ಕೆ ಹಿಡಿಸುವಂತೆ ಬದಲಾಯಿಸುತ್ತವೆ, ಬಕೆಟ್ ನೀರಿನಲ್ಲಿ ಆ ಕೆಲಸಕ್ಕೆ ಬೇಕಾದಷ್ಟು ಜನ ಇಲ್ಲ. ಜೀವಾಮೃತ ಹಾಕುವವರೂ ಇದ್ದಾರೆ. ಮಣ್ಣಿಗೆ ಹಾಕಿ, ನನ್ನದೇನೂ ಅಭ್ಯಂತರವಿಲ್ಲ. ನಿಂತ ನೀರಿನಲ್ಲಿ ಸಗಣಿ, ಬೆಲ್ಲ, ಹಿಟ್ಟು ಕೊಳೆಯುತ್ತಾ ಬೇರಿಗೆ ಬೇಕಾದ ಆಮ್ಲಜನಕವನ್ನೇ ಮುಗಿಸಿಬಿಡುತ್ತವೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಮಣ್ಣಿಲ್ಲದ ಕೃಷಿಗೆಂದೇ ಅರ್ಕಾ ಸಸ್ಯ ಪೋಷಕ್ ರಸ್ ಮಾಡಿದ್ದಾರೆ. ಅದೂ ಎ ಮತ್ತು ಬಿ ಎರಡು ಭಾಗವೇ. ಯಾವುದೇ ಆಗಲಿ, ಎರಡನ್ನೂ ಗಟ್ಟಿಯಾಗಿ ಒಟ್ಟಿಗೆ ಬೆರೆಸಬೇಡಿ. ಕ್ಯಾಲ್ಸಿಯಂ ಹೋಗಿ ಸಲ್ಫೇಟ್, ಫಾಸ್ಫೇಟ್ ಜೊತೆ ಸೇರಿ ಬಿಳಿ ಗಸಿಯಾಗಿ ತಳದಲ್ಲಿ ಕೂರುತ್ತದೆ. ಒಂದನ್ನು ನೀರಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದು.

ಬುಡ ಕೊಳೆತ ಸಸಿಯನ್ನು ಉಳಿಸಲು ಹೋಗಬೇಡಿ. ಕಿತ್ತು ಬಿಸಾಕಿ. ಡಬ್ಬವನ್ನು ಬ್ಲೀಚ್ ಬೆರೆಸಿದ ನೀರಿನಲ್ಲಿ ತೊಳೆದು, ಮತ್ತೆ ಒಳ್ಳೆಯ ನೀರಿನಲ್ಲಿ ಜಾಲಿಸಿ, ಒಂದು ದಿನ ಬಿಸಿಲಿಗೆ ಒಣಗಿಸಿ. ಬೇಸಿಗೆಯಾದರೆ ಲೆಟ್ಯೂಸ್ ಬೀಜದ ಪ್ಯಾಕೆಟ್ ಫ್ರಿಜ್‌ನಲ್ಲಿರಲಿ, ಅಕ್ಟೋಬರ್‌ಗೆ ತೆಗೆಯಿರಿ. ಅಲ್ಲಿಯವರೆಗೆ ಹರಿವೆ ಬಿತ್ತಿ. ಅದೂ ಬೇಡ ಅಂದರೆ ಮಾರ್ಕೆಟ್‌ನಿಂದ ತಂದ ಬಸಳೆಯ ಒಂದು ಕಡ್ಡಿ, ಪುದೀನದ ನಾಲ್ಕು ಕಡ್ಡಿ ನೀರಲ್ಲಿ ಇಳಿಬಿಡಿ. ಬೀಜದ ರಗಳೆಯೇ ಇಲ್ಲ, ಒಂದೆರಡು ವಾರದಲ್ಲಿ ಬೇರು ಬರುತ್ತದೆ, ನಿಮ್ಮ ನೀರು ಎಂಥದ್ದು ಅನ್ನುವುದೂ ಪುಕ್ಕಟೆಯಾಗಿ ಗೊತ್ತಾಗುತ್ತದೆ.