ಥೈರಾಯ್ಡ್ ಗಂಟು ಮತ್ತು ಸ್ಕ್ಯಾನ್ ವರದಿ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಹರಿದಾಡುತ್ತಿರುವ ಸಂದೇಶವೊಂದು, ಕುತ್ತಿಗೆಯ ಅಲ್ಟ್ರಾಸೌಂಡ್ ಸ್ಕ್ಯಾನ್‌ನಲ್ಲಿ ಥೈರಾಯ್ಡ್ ಗಂಟು ಕಪ್ಪಗೆ ಕಂಡರೆ ಅದು ಕ್ಯಾನ್ಸರ್ ಎಂದೂ, ಸೂಜಿ ಪರೀಕ್ಷೆಯಿಂದ ರೋಗ ಹರಡುವುದರಿಂದ ನೇರವಾಗಿ ಆಪರೇಷನ್ ಮಾಡಿಸಬೇಕೆಂದೂ ಹೇಳುತ್ತದೆ. ಎರಡೂ ಮಾತು ಸರಿಯಲ್ಲ.

ಥೈರಾಯ್ಡ್ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಬರೀ ದ್ರವ ತುಂಬಿದ ಗಂಟು ಪೂರ್ತಿ ಕಪ್ಪಾಗಿಯೇ ಕಾಣುತ್ತದೆ, ಆದರೆ ಅದು ಅಪಾಯಕಾರಿಯಲ್ಲ. ಗಂಟು ಘನವಾಗಿದ್ದು, ಕುತ್ತಿಗೆಯ ಸ್ನಾಯುವಿಗಿಂತಲೂ ಕಪ್ಪಗೆ ಕಂಡು, ಅಂಚು ಅಂಕುಡೊಂಕಾಗಿ, ಅಗಲಕ್ಕಿಂತ ಎತ್ತರ ಹೆಚ್ಚಾಗಿ, ಒಳಗೆ ಸುಣ್ಣದ ಸಣ್ಣ ಚುಕ್ಕೆಗಳೂ ಇದ್ದಾಗ ಅನುಮಾನ ಬಲವಾಗುತ್ತದೆ. ಅಮೆರಿಕದ ರೇಡಿಯಾಲಜಿ ತಜ್ಞರ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಟೈರಾಡ್ಸ್ ಪದ್ಧತಿಯು ಇಂಥ ಲಕ್ಷಣಗಳಿಗೆ ಅಂಕ ಕೊಟ್ಟು ಗಂಟನ್ನು 1ರಿಂದ 5ರವರೆಗಿನ ದರ್ಜೆಗೆ ಸೇರಿಸುತ್ತದೆ. 5ನೆಯ ದರ್ಜೆಯ ಗಂಟು 1 ಸೆಂ.ಮೀ., 4ನೆಯದು 1.5 ಸೆಂ.ಮೀ., 3ನೆಯದು 2.5 ಸೆಂ.ಮೀ. ಅಥವಾ ಅದಕ್ಕಿಂತ ದೊಡ್ಡದಿದ್ದರೆ ಸೂಜಿ ಪರೀಕ್ಷೆ ಸೂಚಿಸುತ್ತದೆ. ವರದಿಯಲ್ಲಿ ‘ಟೈರಾಡ್ಸ್ 4’ ಎಂದಿದ್ದರೆ ಅದು ಕ್ಯಾನ್ಸರ್‌ನ ನಾಲ್ಕನೇ ಹಂತ ಖಂಡಿತ ಅಲ್ಲ. ಈ ಒಂದು ಅಂಕಿಯನ್ನು ತಪ್ಪಾಗಿ ತಿಳಿದು ಊಟ-ನಿದ್ದೆ ಬಿಟ್ಟವರನ್ನು ಕಂಡಿರುವುದರಿಂದಲೇ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸ್ಕ್ಯಾನ್ ನೋಡಿಕೊಂಡು ತೆಳುವಾದ ಸೂಜಿಯಿಂದ ಜೀವಕೋಶ ತೆಗೆಯುವ ಈ ಪರೀಕ್ಷೆಯಿಂದ ರೋಗ ಹರಡುವುದು ತೀರಾ ಅಪರೂಪ. ಅನೇಕರ ಅನಗತ್ಯ ಆಪರೇಷನ್ ತಪ್ಪುವುದೇ ಇದರಿಂದ. ಫಾಲಿಕ್ಯುಲರ್ ಬಗೆಯ, ಅಂದರೆ ಥೈರಾಯ್ಡ್‌ನಲ್ಲಿ ಹಾರ್ಮೋನು ತಯಾರಿಸುವ ಕೋಶಗಳಿಂದ ಬೆಳೆಯುವ ಒಂದು ಬಗೆಯ ಗಂಟುಗಳಲ್ಲಿ ಮಾತ್ರ ಸ್ಕ್ಯಾನಾಗಲಿ ಸೂಜಿಯಾಗಲಿ ಖಚಿತ ಉತ್ತರ ಕೊಡಲಾರದೆ, ಗ್ರಂಥಿಯ ಆ ಭಾಗವನ್ನು ತೆಗೆದು ಪರೀಕ್ಷಿಸಬೇಕಾದ ಸಂದರ್ಭ ಬರಬಹುದು.