ಶೇಂಗಾ ಇಲ್ಲದ ಬೆಣ್ಣೆ, ನಮ್ಮದೇ ರುಚಿಯಲ್ಲಿ

ನಮ್ಮ ಅಡುಗೆಯಲ್ಲಿ ಶೇಂಗಾ ಎಲ್ಲಿಲ್ಲ ಹೇಳಿ. ಒಗ್ಗರಣೆ ಅವಲಕ್ಕಿಯಲ್ಲಿದೆ, ಚಿತ್ರಾನ್ನದಲ್ಲಿದೆ, ಪುಳಿಯೋಗರೆಯಲ್ಲಿದೆ. ರೊಟ್ಟಿ ಜೊತೆ ಶೇಂಗಾ ಚಟ್ನಿಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ, ಬಸ್‌ಸ್ಟ್ಯಾಂಡಿನಲ್ಲಿ ಚಿಕ್ಕಿ, ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಅದರದ್ದೇ ಒಂದು ಪರಿಷೆ. ನಾನು ಗದಗ ಕಡೆಯವಳು. ಶೇಂಗಾ ಡಬ್ಬಿ ಇಲ್ಲದ ಅಡುಗೆಮನೆ ನಾನು ನೋಡಿಯೇ ಇರಲಿಲ್ಲ. ಇಂಥ ಊಟದ ನಡುವೆ ಶೇಂಗಾ ಅಲರ್ಜಿ ಇರುವ ಮಗುವನ್ನು ಬೆಳೆಸುವುದು ಎಷ್ಟು ಕಷ್ಟ ಅಂತ ಹತ್ತಿರದಿಂದ ಕಂಡವರಿಗೇ ಗೊತ್ತು.

ನಮ್ಮ ಅಕ್ಕನ ಮಗಳಿಗೆ ಈ ಅಲರ್ಜಿ ಇದೆ. ಗೋಡಂಬಿ, ಬಾದಾಮಿಯೂ ಅವಳಿಗೆ ಆಗುವುದಿಲ್ಲ. ಅವಳಿಗೋಸ್ಕರವೇ ನಾವು ಬೀಜದ ಬೆಣ್ಣೆ ಮಾಡಲು ಶುರು ಮಾಡಿದ್ದು. ಸೂರ್ಯಕಾಂತಿ ಬೀಜ, ಸಿಹಿಗುಂಬಳದ ಬೀಜ, ಎಳ್ಳು, ಇವುಗಳನ್ನು ಹುರಿದು ಎಣ್ಣೆ ಬಿಡುವ ತನಕ ರುಬ್ಬಿದರೆ ಪೀನಟ್ ಬಟರ್ ಥರದ್ದೇ ಬೆಣ್ಣೆ ಆಗುತ್ತದೆ. ಸೀಡ್ ಬಟರ್ ಅಂತ ಬಾಟಲಿಯಲ್ಲೂ ಸಿಗುತ್ತದೆ. ಆದರೆ ಇದನ್ನು ಮನೆಯಲ್ಲೇ ಮಾಡಬೇಕು, ಅದರಲ್ಲೂ ನಮ್ಮ ಮಸಾಲೆ ಡಬ್ಬಿಯ ರುಚಿಯಲ್ಲೇ ಮಾಡಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇನೆ.

ಮಗುವಿಗೆ ತಿನ್ನಲು ಏನೋ ಒಂದು ಸಿಕ್ಕರೆ ಸಾಲದು. ಎಲ್ಲರೂ ತಿನ್ನುವುದನ್ನೇ ತಾನೂ ತಿನ್ನಬೇಕು ಅಂತ ಅದಕ್ಕೂ ಆಸೆ ಇರುತ್ತದೆ. ಸಂಕ್ರಾಂತಿಯ ಸಂಜೆ ನೋಡಿ. ಹೊಸ ಲಂಗ ಹಾಕಿಕೊಂಡ ಹುಡುಗಿಯರು ತಟ್ಟೆ ಹಿಡಿದು ಮನೆ ಮನೆಗೆ ಎಳ್ಳು ಬೀರುತ್ತಾರೆ. ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಜೊತೆಗೆ ಸಿಪ್ಪೆ ತೆಗೆದ ಶೇಂಗಾ. ನಮ್ಮ ಹುಡುಗಿ ಎಲ್ಲರ ಮನೆಗೂ ಹೋಗುತ್ತಾಳೆ, ಯಾರ ಪೊಟ್ಟಣವನ್ನೂ ಬಿಚ್ಚುವಂತಿಲ್ಲ. ಒಮ್ಮೆ ಒಬ್ಬ ಹಿರಿಯರು ಪ್ರೀತಿಯಿಂದಲೇ ಚಮಚದಲ್ಲಿ ತುಂಬಿ ಕೈಗೆ ಹಾಕಲು ಬಂದರು. ಅವಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. "ಒಂದು ಕಾಳು ತಿಂದ್ರೆ ಏನಾಗಲ್ಲಮ್ಮ, ಹಬ್ಬ ಅಲ್ವಾ" ಅಂದರು. ಅಕ್ಕ ಅವಳನ್ನು ಹತ್ತಿರ ಎಳೆದುಕೊಂಡು, "ಇಲ್ಲ ಆಂಟಿ, ಆಗುತ್ತೆ. ಒಂದೇ ಕಾಳಿಗೆ ಆಸ್ಪತ್ರೆಗೆ ಓಡಬೇಕಾಗುತ್ತೆ" ಅಂದಳು.

ಹಾಗೆ ಹೇಳುವವರಲ್ಲಿ ಕೆಟ್ಟ ಮನಸ್ಸಿನವರು ಯಾರೂ ಇಲ್ಲ. ಆದರೆ ದಯವಿಟ್ಟು ಹೇಳಬೇಡಿ. ಇದು ಮಗುವಿನ ಹಟವೂ ಅಲ್ಲ, ಅಮ್ಮನ ಅತಿ ಕಾಳಜಿಯೂ ಅಲ್ಲ. ಮೈಮೇಲೆ ದದ್ದು ಎದ್ದು, ತುಟಿ ಊದಿ, ಉಸಿರು ಕಟ್ಟುವ ತನಕ ಹೋಗಬಹುದಾದ ಕಾಯಿಲೆ.

ಅದಕ್ಕೇ ಬೀಜದ ಬೆಣ್ಣೆ ಮಾಡುವಾಗ ಮೊದಲು ನೋಡಬೇಕಾದದ್ದು ರೆಸಿಪಿ ಅಲ್ಲ, ಬೀಜ ಎಲ್ಲಿಂದ ಬಂತು ಮತ್ತು ಯಾವ ಪಾತ್ರೆಗೆ ಬೀಳುತ್ತದೆ ಅನ್ನುವುದು. ಡ್ರೈಫ್ರೂಟ್ಸ್ ಅಂಗಡಿಯಲ್ಲಿ ಸೂರ್ಯಕಾಂತಿ ಬೀಜದ ಡಬ್ಬ ಬಾದಾಮಿ, ಗೋಡಂಬಿಯ ಪಕ್ಕದಲ್ಲೇ ಇರುತ್ತದೆ. ಎಲ್ಲದಕ್ಕೂ ಒಂದೇ ಚಮಚ, ಒಂದೇ ತಕ್ಕಡಿ. ಎಷ್ಟೇ ಒಳ್ಳೆಯ ಬೀಜವಾದರೂ ಬಿಡಿಯಾಗಿ ತಂದದ್ದು ಈ ಮಕ್ಕಳಿಗೆ ಬೇಡ. ತೊಳೆದರೆ ಸರಿಹೋಗುತ್ತದೆ ಅಂತಲೂ ನಂಬಬೇಡಿ. ಪ್ಯಾಕೆಟ್ ತನ್ನಿ, ಅದರ ಹಿಂದೆ ಸಣ್ಣ ಅಕ್ಷರದಲ್ಲಿ "ಮೇ ಕಂಟೇನ್" ಅಂತ ಇರುವ ಸಾಲು ಓದಿ. ಅಲ್ಲಿ ನಟ್ಸ್ ಅಂತಲೋ ಪೀನಟ್ಸ್ ಅಂತಲೋ ಇದ್ದರೆ ವಾಪಸ್ ಇಟ್ಟುಬಿಡಿ.

ಆಮೇಲೆ ಮಿಕ್ಸಿ. ಶೇಂಗಾ ಚಟ್ನಿ ರುಬ್ಬಿದ ಜಾರನ್ನು ಎಷ್ಟು ತಿಕ್ಕಿದರೂ ಬ್ಲೇಡಿನ ಬುಡದಲ್ಲಿ, ಮುಚ್ಚಳದ ರಬ್ಬರಿನ ಸಂದಿಯಲ್ಲಿ ಜಿಡ್ಡು ಉಳಿದುಬಿಡುತ್ತದೆ. ಒಂದು ಸಲ ಆ ರಬ್ಬರ್ ಬಿಚ್ಚಿ ಅದರ ಅಡಿಗೆ ಬೆರಳಾಡಿಸಿ ನೋಡಿ, ನಿಮಗೇ ಗೊತ್ತಾಗುತ್ತದೆ. ಈ ಕೆಲಸಕ್ಕೆ ಅಂತಲೇ ಒಂದು ಹೊಸ ಚಟ್ನಿ ಜಾರ್ ತನ್ನಿ. ಬೇರೆ ಯಾವುದಕ್ಕೂ ಮುಟ್ಟಬೇಡಿ. ಅಕ್ಕ ಅದರ ಮುಚ್ಚಳಕ್ಕೆ ಕೆಂಪು ನೇಲ್ ಪಾಲಿಶ್ ಬಳಿದಿದ್ದಾಳೆ, ಮನೆಗೆ ಯಾರೇ ಬಂದು ಅಡುಗೆ ಮಾಡಿದರೂ ಗೊತ್ತಾಗಲಿ ಅಂತ. ಹುರಿಯುವುದಕ್ಕೆ ಅಜ್ಜಿ ಕಾಲದ ಕಬ್ಬಿಣದ ಬಾಣಲೆ ಬೇಡ. ಅದು ವರ್ಷಗಟ್ಟಲೆ ಶೇಂಗಾ ಎಣ್ಣೆ ಕುಡಿದಿರುತ್ತದೆ. ಸ್ಟೀಲಿನದು ಇರಲಿ, ಅದೂ ಬೇರೆಯದೇ.

ಎಣ್ಣೆ ವಿಷಯ ಬಹಳ ಜನರಿಗೆ ಹೊಳೆಯುವುದೇ ಇಲ್ಲ. ಬೆಣ್ಣೆ ಗಟ್ಟಿಯಾದರೆ ಒಂದು ಚಮಚ ಎಣ್ಣೆ ಹಾಕುತ್ತೇವಲ್ಲ, ಆಗ ಆರೋಗ್ಯಕ್ಕೆ ಒಳ್ಳೆಯದು ಅಂತ ಗಾಣದ ಎಣ್ಣೆ ತರುತ್ತಾರೆ. ಬೆಳಿಗ್ಗೆ ಶೇಂಗಾ ಅರೆದ ಗಾಣದಲ್ಲೇ ಮಧ್ಯಾಹ್ನ ಎಳ್ಳು, ಕುಸುಬೆ, ಸೂರ್ಯಕಾಂತಿ ಎಲ್ಲವೂ ಆಗುತ್ತದೆ. ಹೀಗೆ ಅರೆದ ಎಣ್ಣೆಯಲ್ಲಿ ಬೀಜದ ಪ್ರೊಟೀನಿನ ಅಂಶ ಉಳಿದಿರುತ್ತದೆ, ಅಲರ್ಜಿ ಮಾಡುವುದೂ ಅದೇ. ಮಿಕ್ಕೆಲ್ಲ ಕಡೆ ಗಾಣದ ಎಣ್ಣೆಯನ್ನು ನಾನೂ ಹೊಗಳುತ್ತೇನೆ, ಇಲ್ಲಿ ಮಾತ್ರ ರಿಫೈನ್ಡ್ ಸೂರ್ಯಕಾಂತಿ ಎಣ್ಣೆಯೇ ಸರಿ. ನಿಜ ಹೇಳಬೇಕೆಂದರೆ ತಾಳ್ಮೆ ಇದ್ದರೆ ಎಣ್ಣೆಯೇ ಬೇಕಾಗುವುದಿಲ್ಲ. ಸೂರ್ಯಕಾಂತಿ ಬೀಜದ ಅರ್ಧ ತೂಕ ಎಣ್ಣೆಯೇ. ಎಳ್ಳೂ ಹೆಚ್ಚುಕಡಿಮೆ ಹಾಗೇ.

ಈಗ ರುಬ್ಬುವ ವಿಷಯಕ್ಕೆ ಬರೋಣ. ಕಾಲು ಕೆಜಿ ಸಿಪ್ಪೆ ತೆಗೆದ ಸೂರ್ಯಕಾಂತಿ ಬೀಜ ತೆಗೆದುಕೊಳ್ಳಿ. ಸಣ್ಣ ಉರಿಯಲ್ಲಿ ಕೈ ಬಿಡದೆ ಹುರಿಯಿರಿ. ಮೊದಲು ಹಸಿ ಹುಲ್ಲಿನ ವಾಸನೆ ಬರುತ್ತದೆ, ಅದು ಹೋಗಿ ಘಮ ಬರಬೇಕು. ಬಣ್ಣ ತಿಳಿ ಕಂದು ಸಾಕು, ಜಾಸ್ತಿ ಹುರಿದರೆ ಕಹಿ. ಬಿಸಿ ಆರಿ ಉಗುರುಬೆಚ್ಚಗಿರುವಾಗಲೇ ಜಾರಿಗೆ ಹಾಕಿ. ಪೂರ್ತಿ ತಣ್ಣಗಾದರೆ ಎಣ್ಣೆ ಬಿಡುವುದು ತಡ.

ಮೊದಲು ಪುಡಿಯಾಗುತ್ತದೆ. ಆಮೇಲೆ ಪುಡಿ ಜಾರಿನ ಗೋಡೆಗೆ ಅಂಟಿಕೊಂಡು ಬ್ಲೇಡ್ ಸುಮ್ನೆ ಗಾಳಿಯಲ್ಲಿ ತಿರುಗುತ್ತದೆ. ನಿಲ್ಲಿಸಿ, ಕೆರೆದು ಕೆಳಗೆ ತಳ್ಳಿ, ಮತ್ತೆ ತಿರುಗಿಸಿ. ಈ ಹಂತದಲ್ಲೇ ಮುಕ್ಕಾಲು ಜನ ಕೈ ಬಿಡುವುದು, ಇಲ್ಲವೇ ನೀರು ಹಾಕಿಬಿಡುವುದು. ಒಂದು ಹನಿ ನೀರೂ ಬೇಡ. ನೀರು ಬಿದ್ದರೆ ಬೆಣ್ಣೆ ಸಡಿಲವಾಗುವ ಬದಲು ಗಂಟು ಕಟ್ಟಿಕೊಳ್ಳುತ್ತದೆ, ಆಮೇಲೆ ಬೇಗ ಕೆಡುತ್ತದೆ. ಇನ್ನಷ್ಟು ತಿರುಗಿಸಿದರೆ ಪುಡಿ ಮುದ್ದೆಯಾಗಿ ಜಾರಿನೊಳಗೆ ಉರುಳಾಡುತ್ತದೆ, ಮಿಕ್ಸಿಯ ಸದ್ದು ದಪ್ಪವಾಗುತ್ತದೆ. ಆಮೇಲೆ ಆ ಮುದ್ದೆ ಹೊಳೆಯಲು ಶುರುವಾಗಿ ಒಡೆಯುತ್ತದೆ. ಅಲ್ಲಿಂದ ಮುಂದೆ ಅರೆ ನಿಮಿಷಕ್ಕೊಮ್ಮೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ದೋಸೆ ಹಿಟ್ಟಿನ ಹಾಗೆ ಚಮಚದಿಂದ ಇಳಿಯುತ್ತದೆ. ನಡುವೆ ಜಾರ್ ಮುಟ್ಟಿ ನೋಡಿ, ಬಿಸಿ ಹತ್ತಿದ್ದರೆ ಬಿಟ್ಟುಬಿಡಿ, ಹತ್ತು ನಿಮಿಷ ಆರಲಿ. ಮೋಟಾರ್ ಟ್ರಿಪ್ ಆದರೆ ಹೆದರಬೇಡಿ. ಆರಿದ ಮೇಲೆ ಮಿಕ್ಸಿಯ ಅಡಿಯಲ್ಲಿರುವ ಕೆಂಪು ಬಟನ್ ಒತ್ತಿದರೆ ಆಯ್ತು.

ಇನ್ನು ರುಚಿ. ನಾನು ಇಷ್ಟು ಉದ್ದ ಬರೆಯಲು ಕೂತದ್ದೇ ಇದಕ್ಕೆ. ಅಂಗಡಿಯ ಸೀಡ್ ಬಟರ್ ಅಂದರೆ ಚಾಕೊಲೇಟು, ವೆನಿಲಾ, ಇಲ್ಲವೇ ಸಪ್ಪೆ. ಮಕ್ಕಳಿಗೆ ಕೊಕೊ ಇಷ್ಟ, ಅದು ಇರಲಿ. ಎರಡು ಚಮಚ ಕೊಕೊ ಪುಡಿ, ನಾಲ್ಕು ಚಮಚ ಬೆಲ್ಲದ ಪುಡಿ, ಚಿಟಿಕೆ ಉಪ್ಪು ಹಾಕಿದರೆ ಯಾವ ಮಗುವೂ ಬೇಡ ಅನ್ನುವುದಿಲ್ಲ. ಆದರೆ ನನ್ನ ಪ್ರಕಾರ ಸೂರ್ಯಕಾಂತಿ ಬೀಜಕ್ಕೆ ಹೇಳಿ ಮಾಡಿಸಿದ ಜೋಡಿ ಏಲಕ್ಕಿ ಮತ್ತು ಒಣಶುಂಠಿ. ಆ ಬೀಜಕ್ಕೆ ಹುರಿದ ಮೇಲೂ ಸ್ವಲ್ಪ ಮಣ್ಣಿನ ವಾಸನೆ ಇರುತ್ತದೆ. ಕೊಕೊ ಅದನ್ನು ಮುಚ್ಚಿಹಾಕುತ್ತದೆ, ಒಣಶುಂಠಿ ಅದರ ಜೊತೆ ಹೊಂದಿಕೊಂಡು ಹೋಗುತ್ತದೆ. ಕಾಲು ಕೆಜಿಗೆ ಅರ್ಧ ಚಮಚ ಏಲಕ್ಕಿ, ಕಾಲು ಚಮಚ ಶುಂಠಿ, ನಾಲ್ಕು ಚಮಚ ಬೆಲ್ಲದ ಪುಡಿ. ಬೆಲ್ಲ ಒಣಗಿರಬೇಕು. ಜೋನಿ ಬೆಲ್ಲ, ಪಾಕ, ಜೇನು ಯಾವುದೂ ಬೇಡ, ಅವುಗಳಲ್ಲೂ ನೀರಿನ ಅಂಶ ಇದೆ. ಬಿಸಿ ಚಪಾತಿಗೆ ಇದನ್ನು ಸವರಿ ಸುರುಳಿ ಸುತ್ತಿ ಕೊಟ್ಟರೆ ಹೋಳಿಗೆ ತಿಂದ ತೃಪ್ತಿ.

ಖಾರದ ಬೆಣ್ಣೆ ನಮ್ಮ ಉತ್ತರ ಕರ್ನಾಟಕದವರಿಗೆ. ಗುರೆಳ್ಳು, ಅಂದರೆ ಮೈಸೂರು ಕಡೆಯ ಹುಚ್ಚೆಳ್ಳು, ನಾಲ್ಕು ಪಾಲು ಸೂರ್ಯಕಾಂತಿಗೆ ಒಂದು ಪಾಲು. ಅದಕ್ಕಿಂತ ಜಾಸ್ತಿ ಹಾಕಿದರೆ ಅದರದ್ದೇ ರುಚಿ ಮೇಲಾಗುತ್ತದೆ. ಗುರೆಳ್ಳನ್ನು ಬೇರೆಯಾಗಿ ಹುರಿದು, ಪುಡಿ ಮಾಡಿ, ಜರಡಿ ಹಿಡಿದು ಹಾಕಿ, ಇಲ್ಲದಿದ್ದರೆ ಸಿಪ್ಪೆ ನಾಲಿಗೆಗೆ ತರಿತರಿ. ಬ್ಯಾಡಗಿ ಮೆಣಸಿನಕಾಯಿ, ಜೀರಿಗೆ, ಗರಿಗರಿಯಾಗಿ ಹುರಿದ ಕರಿಬೇವು, ಉಪ್ಪು. ಹುಳಿಗೆ ಹುಣಸೆರಸ ಹಾಕಬೇಡಿ, ಆಮ್‌ಚೂರ್ ಪುಡಿ ಹಾಕಿ. ಜೋಳದ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿಕೊಂಡು ಬೆಳೆದ ನಮಗೆ ಆ ಜಾಗಕ್ಕೆ ಬಂದು ಕೂರುವ ಬೇರೊಂದು ಪದಾರ್ಥ ಇಲ್ಲ ಅಂದುಕೊಂಡಿದ್ದೆ. ಇದು ಕೂತಿತು. ನಮ್ಮ ಮನೆಯಲ್ಲಿ ಈಗ ದೊಡ್ಡವರೂ ಇದನ್ನೇ ಕೇಳುತ್ತಾರೆ. ಒಂದೇ ಬಟ್ಟಲಿನಿಂದ ಎಲ್ಲರೂ ಹಚ್ಚಿಕೊಂಡು ತಿನ್ನುವಾಗ ಆ ಹುಡುಗಿಯ ಮುಖ ನೋಡಬೇಕು ನೀವು.

ಬೆಳ್ಳುಳ್ಳಿ ಬಗ್ಗೆ ಮಾತ್ರ ಹುಷಾರು. ಹಸಿ ಬೆಳ್ಳುಳ್ಳಿ ಎಣ್ಣೆಯಲ್ಲಿ ಮುಳುಗಿ, ಗಾಳಿಯಾಡದೆ, ಹುಳಿಯೂ ಇಲ್ಲದೆ ಹೊರಗೆ ಕೂತರೆ ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಕಾಯಿಲೆ ತರುವ ವಿಷ ಉಂಟಾಗಬಹುದು. ವಾಸನೆಯಿಂದ ಅದು ಗೊತ್ತಾಗುವುದೂ ಇಲ್ಲ. ಪೂರ್ತಿ ಒಣಗಿದ ಬೆಳ್ಳುಳ್ಳಿ ಪುಡಿ ಹಾಕಿ, ಅಥವಾ ಆ ಹೊತ್ತಿಗೆ ತಿನ್ನುವಷ್ಟಕ್ಕೆ ಮಾತ್ರ ಹಸಿಯದು ಬೆರೆಸಿ.

ಸಿಹಿಗುಂಬಳದ ಬೀಜದಲ್ಲಿ ಪ್ರೊಟೀನ್ ಜಾಸ್ತಿ, ನೂರು ಗ್ರಾಮಿಗೆ ಸುಮಾರು 30 ಗ್ರಾಮ್. ಬೆಣ್ಣೆ ಹಸಿರಾಗಿ, ಗಟ್ಟಿಯಾಗಿ ಬರುತ್ತದೆ. ಕಾಳುಮೆಣಸು, ಜೀರಿಗೆ ಹಾಕಿದರೆ ದೋಸೆಗೆ ಚೆನ್ನ. ಅಗಸೆ ಒಂದೆರಡು ಚಮಚಕ್ಕಿಂತ ಜಾಸ್ತಿ ಬೇಡ, ಬೇಗ ಕಮಟು ಹಿಡಿಯುತ್ತದೆ.

ಎಳ್ಳು ನನಗೆ ಬಲು ಪ್ರೀತಿಯ ಬೀಜ. ಶೇಂಗಾ ದಕ್ಷಿಣ ಅಮೆರಿಕದಿಂದ ಬಂದದ್ದು, ಎಳ್ಳಾದರೋ ಹರಪ್ಪದ ಅಗೆತದಲ್ಲೇ ಸಿಕ್ಕಿದೆ. ಆದರೂ ಶೇಂಗಾ ಆಗದವರಿಗೆಲ್ಲ ಎಳ್ಳು ಆಗುತ್ತದೆ ಅಂತ ಹೇಳುವಂತಿಲ್ಲ. ಕೆಲವು ಮಕ್ಕಳಿಗೆ ಎಳ್ಳಿನದ್ದೂ ಗಟ್ಟಿ ಅಲರ್ಜಿ ಇರುತ್ತದೆ. ಅಮೆರಿಕದಲ್ಲಿ 2023ರ ಜನವರಿ 1ರಿಂದ ಪ್ಯಾಕೆಟ್ ಮೇಲೆ ಎಳ್ಳನ್ನು ಅಲರ್ಜಿ ಪಟ್ಟಿಯಲ್ಲಿ ಬರೆಯಲೇಬೇಕು. ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದಲ್ಲಿ ಶೇಂಗಾ, ನಟ್ಸ್, ಹಾಲು, ಮೊಟ್ಟೆ, ಮೀನು, ಸೋಯಾ ಎಲ್ಲ ಇದೆ, ಎಳ್ಳು ಇಲ್ಲ. ಎಳ್ಳು ಇಷ್ಟು ತಿನ್ನುವ ದೇಶದಲ್ಲಿ ಅದು ಸೇರಲೇಬೇಕು. ಅಲರ್ಜಿ ಇರುವ ಮಗುವಿಗೆ ಯಾವುದೇ ಹೊಸ ಬೀಜ ಕೊಡುವ ಮೊದಲು ಅಲರ್ಜಿ ನೋಡುವ ಡಾಕ್ಟರನ್ನು ಕೇಳಿ. ಸೂರ್ಯಕಾಂತಿಯಾದರೂ ಅಷ್ಟೇ.

ಮನೆಯಲ್ಲಿ ಮಾಡಿ ಮಾರುವ ಅಕ್ಕತಂಗಿಯರಿಗೂ ಒಂದು ಮಾತು. ನಿಮ್ಮ ಕೈರುಚಿಯ ಬಗ್ಗೆ ನನಗೆ ತುಂಬ ಗೌರವ ಇದೆ. ಆದರೆ ಅದೇ ಮಿಕ್ಸಿಯಲ್ಲಿ ಶೇಂಗಾ ಚಟ್ನಿಪುಡಿಯೂ ಆಗುತ್ತಿದ್ದರೆ ಬಾಟಲಿಯ ಮೇಲೆ "ನಟ್ ಫ್ರೀ" ಅಂತ ಬರೆಯಬೇಡಿ. ಆ ಎರಡು ಪದ ನಂಬಿ ಒಬ್ಬ ತಾಯಿ ಡಬ್ಬಿಗೆ ಹಾಕಿ ಕಳಿಸುತ್ತಾಳೆ. "ಶೇಂಗಾ ಮಾಡುವ ಅಡುಗೆಮನೆಯಲ್ಲೇ ತಯಾರಾಗಿದೆ" ಅಂತ ಬರೆದರೂ ಕೊಳ್ಳುವವರು ಕೊಂಡೇ ಕೊಳ್ಳುತ್ತಾರೆ.

ತೆಗೆದಿಡುವುದು ಸುಲಭ. ಒಣಗಿದ ಗಾಜಿನ ಬಾಟಲಿ, ಒಣ ಚಮಚ, ಫ್ರಿಜ್. ಮೇಲೆ ಎಣ್ಣೆ ತೇಲಿದರೆ ಕೆಟ್ಟಿದೆ ಅಂತಲ್ಲ, ಕಲಸಿದರೆ ಆಯ್ತು. ಕಮಟು ವಾಸನೆ ಬಂದರೆ ಎಸೆಯಿರಿ.

ಹಾಗೇ, ಸೂರ್ಯಕಾಂತಿ ಬೆಣ್ಣೆ ಹಾಕಿ ಕೇಕೋ ಬಿಸ್ಕತ್ತೋ ಮಾಡಿದವರು ಒಳಗೆಲ್ಲ ಹಸಿರಾಗಿದೆ ಅಂತ ಗಾಬರಿಯಿಂದ ಫೋನ್ ಮಾಡುತ್ತಾರೆ. ಅದು ಬೂಸ್ಟು ಹಿಡಿದದ್ದಲ್ಲ. ಆ ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲ ಅಡುಗೆ ಸೋಡಾ ಜೊತೆ ಸೇರಿ ಹಸಿರು ಬಣ್ಣ ಬರುತ್ತದೆ, ತಿಂದರೆ ಏನೂ ಆಗುವುದಿಲ್ಲ. ಬಣ್ಣ ಬೇಡ ಅಂದರೆ ಸೋಡಾ ಸ್ವಲ್ಪ ಕಡಿಮೆ ಮಾಡಿ, ಹಿಟ್ಟಿಗೆ ಒಂದು ಚಮಚ ನಿಂಬೆರಸ ಹಾಕಿ.