ವಿಸ್ಕಿಗೆ 25 ವರ್ಷದ ಮಿತಿ ಬೇಕೇ?

ಪರ

ಹುಬ್ಬಳ್ಳಿ, ವಿಜಯಪುರಗಳಿಂದ ಪುಣೆಗೆ ಓದಲು ಬರುವ ನಮ್ಮ ಹುಡುಗರಿಗೆ ಮಹಾರಾಷ್ಟ್ರದ ಕಾನೂನು ಕಿರಿಕಿರಿ. ಬಿಯರ್, ವೈನಿಗೆ 21 ವರ್ಷ. ವಿಸ್ಕಿ, ರಮ್ಮಿಗೆ 25. ಮತ ಹಾಕಬಹುದು, ಮದುವೆಯಾಗಬಹುದು, ಒಂದು ಪೆಗ್ ಹಾಕಬಾರದೇ ಎನ್ನುತ್ತಾರೆ. ಮತಗಟ್ಟೆಯಿಂದ ಯಾರನ್ನೂ ಹೊತ್ತು ತರಬೇಕಾಗುವುದಿಲ್ಲ ಎಂಬುದೇ ನನ್ನ ಉತ್ತರ.

ಒಮ್ಮೆ ಕುಳಿತಾಗ 60 ಗ್ರಾಂ ಆಲ್ಕೋಹಾಲ್ ಒಳಗೆ ಹೋದರೆ ಅದು ವಿಪರೀತ ಕುಡಿತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ನಮ್ಮ ವಿಸ್ಕಿ ಲೇಬಲ್ಲಿನ ಶೇ 42.8ನ್ನು ಹಿಡಿದು ಲೆಕ್ಕ ಹಾಕಿ: 180 ಮಿಲಿಲೀಟರಿನ ಕ್ವಾರ್ಟರ್ ಬಾಟಲಿಯಲ್ಲಿರುವುದು ಸರಿಸುಮಾರು ಅಷ್ಟೇ. ‘ಬರೀ ಒಂದು ಕ್ವಾರ್ಟರ್’ ಎನ್ನುವವನು ಆಗಲೇ ಗೆರೆ ಮುಟ್ಟಿದ್ದಾನೆ. ಗಟಗಟನೆ ಇಳಿಸಿದರೆ ಮಿದುಳಿನ ಹಿಪೊಕ್ಯಾಂಪಸ್ ನೆನಪನ್ನು ದಾಖಲಿಸುವುದನ್ನೇ ನಿಲ್ಲಿಸಬಹುದು. ರಾತ್ರಿಯೆಲ್ಲ ಹರಟಿದವನಿಗೆ ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಸ್ಪೇನಿನ ಸಾಂತಿಯಾಗೊ ದೆ ಕಾಂಪೊಸ್ತೆಲಾ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ ಹೀಗೆ ಕುಡಿಯುವ ವಿದ್ಯಾರ್ಥಿಗಳು, ಅಮಲಿಲ್ಲದಾಗಲೂ, ಕೇಳಿದ ಕಥೆಯನ್ನು ನೆನಪಿಸಿಕೊಳ್ಳುವುದರಲ್ಲಿ ಹಿಂದೆ ಬಿದ್ದರು. ಸಂಯಮಕ್ಕೆ ಬೇಕಾದ ಮಿದುಳಿನ ಮುಂಭಾಗ ಪೂರ್ತಿ ಬಲಿಯುವುದು 25ರ ಆಸುಪಾಸಿನಲ್ಲಿ. ಕಾನೂನು ಮಾಡಿದವರಿಗೆ ಇದು ಹೊಳೆದಿರಲಿಕ್ಕಿಲ್ಲ. ಅಂಕಿ ಮಾತ್ರ ಸರಿಯಾಗಿಯೇ ಬಿದ್ದಿದೆ.

ವಿರೋಧ

ಅಂಕಿ ಸರಿಯೇ ಇರಲಿ, ಕೇಳುವವರು ಯಾರು? 1949ರ ಪಾನನಿಷೇಧ ಕಾಯ್ದೆಯಂತೆ ಮಹಾರಾಷ್ಟ್ರದಲ್ಲಿ ಕುಡಿಯಲು ಪರ್ಮಿಟ್ ಕೂಡ ಬೇಕು. ಅದನ್ನು ಜೇಬಿನಲ್ಲಿಟ್ಟುಕೊಂಡು ಬಾರಿಗೆ ಹೋದವರನ್ನು ನಾನಂತೂ ಕಂಡಿಲ್ಲ. 2024ರ ಮೇ ತಿಂಗಳಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ಇಬ್ಬರು ಎಂಜಿನಿಯರುಗಳನ್ನು ಬಲಿ ಪಡೆದ ಕಾರಿನ ಪ್ರಕರಣದಲ್ಲಿ ಆರೋಪಿಗೆ 17 ವರ್ಷ. ಅವನಿಗೆ ಮದ್ಯ ಕೊಟ್ಟ ಆರೋಪದ ಮೇಲೆ ಪಬ್ಬಿನವರೂ ಬಂಧಿತರಾದರು.

ಮಿತಿ ಮಾಡಿರುವುದು ಇಷ್ಟೇ: ಕುಡಿತವನ್ನು ಚಿಲಕ ಹಾಕಿದ ಕೋಣೆಗೆ ತಳ್ಳಿದೆ. ವಾರ್ಡನ್ ಬರುವುದರೊಳಗೆ ಬಾಟಲಿ ಖಾಲಿಯಾಗಬೇಕು. ಮಿದುಳಿಗೆ ಕುತ್ತು ತರುವುದು ಆ ಅವಸರವೇ. ಯಾರಾದರೂ ಪ್ರಜ್ಞೆ ತಪ್ಪಿದರೆ ಗೆಳೆಯರು ಮೊಸರು ತಿನ್ನಿಸುತ್ತಾರೆ, ತಲೆಗೆ ನೀರು ಸುರಿಯುತ್ತಾರೆ, ಅಂಗಾತ ಮಲಗಿಸುತ್ತಾರೆ. ವಾಂತಿ ಉಸಿರುನಾಳಕ್ಕೆ ಇಳಿಯುವುದು ಹಾಗೆಯೇ. ಪಕ್ಕಕ್ಕೆ ಹೊರಳಿಸಿ 108ಕ್ಕೆ ಕರೆ ಮಾಡಬೇಕಾದವರು ಹಾಸ್ಟೆಲಿನಿಂದ ಹೊರಬೀಳುವ ಭಯಕ್ಕೆ ಸುಮ್ಮನಿರುತ್ತಾರೆ. ಯಕೃತ್ತು ಗಂಟೆಗೆ ಏಳೆಂಟು ಗ್ರಾಂ ಆಲ್ಕೋಹಾಲ್ ಕರಗಿಸಿದರೆ ಹೆಚ್ಚು. ಮೊಸರು, ಕಾಫಿ ಅದನ್ನು ಚುರುಕುಗೊಳಿಸುವುದಿಲ್ಲ ಎಂದು ಮೊದಲ ವರ್ಷದಲ್ಲೇ ಹೇಳಿಕೊಡುವವರಿಲ್ಲ.

ಸ್ಪೇನಿನ ಮಾತಿಗೆ ಬಂದರೆ, ನೆನಪು ಕುಂದಿದ್ದು ಕುಡಿತದಿಂದಲೋ, ಮೊದಲೇ ಇದ್ದ ವ್ಯತ್ಯಾಸವೋ ಎಂಬುದು ಇಂಥ ಹೋಲಿಕೆಯೊಂದರಿಂದಲೇ ಇತ್ಯರ್ಥವಾಗುವುದಿಲ್ಲ. ಕುಡಿತ ಕೆಡುಕೆಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ 25ರ ಫಲಕ ತೂಗುಹಾಕುವುದಕ್ಕಿಂತ, ಗೆಳೆಯನಿಗಾಗಿ ಆಂಬ್ಯುಲೆನ್ಸ್ ಕರೆದವನಿಗೆ ಶಿಕ್ಷೆಯಿಲ್ಲ ಎಂದು ಹಾಸ್ಟೆಲುಗಳು ಬರೆದು ಹಚ್ಚಲಿ.